ಗವ್ರಿಲನ ಮೂವತ್ತೊಂದನೆಯ ಅರ
ರೆಗಿನ್ ಊರಿನ ಗಿಟಾರ್ ಕಾರ್ಖಾನೆಯಿಂದ ನಿವೃತ್ತನಾದ ಗವ್ರಿಲನಿಗೆ ಲೋಹ ಉಜ್ಜುವ ಮುರಿದ ಅರ ಕಂಡರೆ ಬಿಡಲಾಗದು. ಮರದ ತುಂಡಿನಲ್ಲಿ ಓರೆಯಾಗಿ ಸೀಳು ಕೊಯ್ದು ಅದನ್ನು ಕೂರಿಸಿ, ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಮೆಟ್ಟುಗಳ ಚೂಪು ತುದಿ ಉಜ್ಜಲು ಹೊಸ ಅರ ಮಾಡಿಬಿಡುತ್ತಾನೆ. ಇದು ಮೂವತ್ತೊಂದನೆಯದು. “ಅಂಗಡೀಲಿ ಸಿಗಲ್ವೇನೋ ಮಾರಾಯ?” ಎಂದರೆ, “ಅಂಗಡಿ ಅರ ಹೊಸ ಅಳಿಯ ಇದ್ದ ಹಾಗೆ, ಹೇಳಿದ ಕಡೆ ಬಗ್ಗಲ್ಲ” ಎನ್ನುತ್ತಾನೆ. ಅವನ ಬೆರಳುಗಳು ಜಡ್ಡುಗಟ್ಟಿವೆ, ಚೂಪು ತಿಳಿಯದು. ಹಾಗಾಗಿ ನುಣ್ಣಗೆ ಕ್ಷೌರ ಮಾಡಿಕೊಂಡು ಕೆನ್ನೆಯನ್ನೇ ಗಿಟಾರಿನ ಕತ್ತಿನ ಅಂಚಿಗೆ ಸವರಿ ನೋಡುತ್ತಾನೆ. ಗೀರು ಬಿದ್ದರೆ ಇನ್ನೊಂದು ಅರ. “ಬೆಕ್ಕು ಪರಚ್ತಾ?” ಎಂದು ನೆರೆಯವರು ಕೆಣಕುತ್ತಾರೆ. ಗಿಟಾರು ಹೆಂಡತಿ ವೆತೂರಿಯಾಳದು. ವಯಸ್ಸಿಗೆ ಕೈಯ ಚರ್ಮ ತೆಳುವಾಗಿ, ಮೆಟ್ಟು ಚುಚ್ಚಿ ರಕ್ತ ಬಂದು, ಅವಳು ನುಡಿಸುವುದನ್ನೇ ಬಿಟ್ಟಿದ್ದಳು. ಈ ಭಾನುವಾರ ಅವಳ ಕೈ ಕತ್ತಿನುದ್ದಕ್ಕೂ ಜಾರಿತು, ಎಲ್ಲೂ ತಡೆಯಲಿಲ್ಲ. ಗವ್ರಿಲ ಖುಷಿಗೆ ಎದ್ದು ಹೆಜ್ಜೆ ಹಾಕಿದ. “ಸುಮ್ನೆ ಕೂತ್ಕೊಳ್ಳಿ, ಈ ವಯಸ್ಸಲ್ಲಿ ಕುಣೀಬೇಡಿ” ಎಂದು ಗದರುತ್ತಲೇ ಅವಳು ಕುಣಿತದ ಮಟ್ಟೊಂದನ್ನು ಎತ್ತಿಕೊಂಡಳು. ಒಲೆಯ ಮೇಲೆ ಮೆಕ್ಕೆಜೋಳದ ಮುದ್ದೆ ತಳ ಹತ್ತಿದ ವಾಸನೆ ಬೀದಿಯವರಿಗೆಲ್ಲ ಬಂತು, ಅವರಿಬ್ಬರನ್ನು ಬಿಟ್ಟು.