ಜಲಜಾಳ ಗುರಿ ತಪ್ಪುವ ಕೋವಿ

ಹಂದಿ ಎಂಬತ್ತು ಗಜ ದೂರದಲ್ಲಿ ಪಕ್ಕಕ್ಕೆ ತಿರುಗಿ ನಿಂತಿತ್ತು. ಮಾರ್ಗನ್ ಹಿಲ್ಲಿನಲ್ಲಿ ಗೆಳತಿ ಹರ್ಷಿತಾಳ ದ್ರಾಕ್ಷಿ ತೋಟಕ್ಕೆ ಬೇಲಿ ಮುರಿದು ನುಗ್ಗಿ ಬಳ್ಳಿಗಳ ಬುಡ ಕೆದಕುತ್ತಿದ್ದ ಕಾಡುಹಂದಿ ಅದು. ಜಲಜಾ ಉಸಿರು ಬಿಗಿಹಿಡಿದು ಟ್ರಿಗರ್ ಎಳೆದಳು. ಗುಂಡು ಹಂದಿಯ ಬೆನ್ನ ಮೇಲಿಂದ ಹಾದು ಹಿಂದಿನ ದಿಬ್ಬದ ಮಣ್ಣು ಹಾರಿಸಿತು. ಹಂದಿ ಒಮ್ಮೆ ತಲೆಯೆತ್ತಿ ನೋಡಿ ಓಡಿಹೋಯಿತು.

“ಹೋಗ್ಲಿ ಬಿಡೆ, ನೆಕ್ಸ್ಟ್ ಟೈಮು,” ಎಂದಳು ಹರ್ಷಿತಾ.

ಜಲಜಾ ಕೋವಿಯಿಂದ ಖಾಲಿ ತೋಟಾ ಹೊರಗೆಳೆದಳು. ಅವಳ ಅಳುಕು ಗುರಿ ತಪ್ಪಿದ್ದಕ್ಕಲ್ಲ. ಅದೇ ಗುಂಡು ಮೇಲಕ್ಕೆ ತಪ್ಪಿದಷ್ಟೇ ಕೆಳಕ್ಕೆ ತಪ್ಪಿದ್ದರೆ ಪ್ರಾಣಿ ಕಾಲು ಮುರಿದುಕೊಂಡು ಎಲ್ಲೋ ಪೊದೆಯೊಳಗೆ ಎರಡು ದಿನ ನರಳಿ ಸಾಯುತ್ತಿತ್ತು.

ಜಲಜಾ ಅರಕಲಗೂಡಿನ ಕಡೆಯಿಂದ ಪರದೇಶಕ್ಕೆ ಬಂದವಳು. ಸನ್ನಿವೇಲಿನ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತೊಂದು ವರ್ಷದಿಂದ ಯಂತ್ರದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಒಳಗೆ, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಹೊರಗೆ ಎಂದು ತೀರ್ಮಾನಿಸುವ ಕೆಲಸ ಅವಳದು. ಯಾರ ಮಾತನ್ನೂ ಅಳೆಯದೆ ನಂಬುವವಳಲ್ಲ. ಐವತ್ತು ತುಂಬಿದ ಮೇಲೆ ಬೇಟೆಯ ಪರೀಕ್ಷೆ ಪಾಸು ಮಾಡಿ, ಇಲ್ಲಿನ ಕಾನೂನಿನಂತೆ ಹತ್ತು ದಿನ ಕಾದು, ಹೊಚ್ಚ ಹೊಸ ರೈಫಲ್ ಮನೆಗೆ ತಂದಾಗ ಗಂಡ ಲೋಹಿತ್, “ಇನ್ಮೇಲೆ ನಿನ್ನತ್ರ ಜಗಳಕ್ಕೆ ಬರೋರು ಯಾರು?” ಎಂದು ನಕ್ಕಿದ್ದ.

ಮೊದಲ ದಿನ ನೂರು ಗಜದಲ್ಲಿ ಗುಂಡುಗಳು ಒಂದಕ್ಕೊಂದು ಅಂಟಿಕೊಂಡಂತೆ ಬಿದ್ದಿದ್ದವು. ವಾರ ಕಳೆದಂತೆ ಚದುರತೊಡಗಿದವು. ತನ್ನ ಭುಜದ ತಪ್ಪೇ ಇರಬೇಕು ಎಂದುಕೊಂಡು ಬೇಟೆಗೆ ಹೋಗಿಬಿಟ್ಟಿದ್ದಳು. ಹಂದಿ ತಪ್ಪಿದ ಮೇಲೆ ಮಾತ್ರ ಅವಳ ಅನುಮಾನ ಎಚ್ಚೆತ್ತುಕೊಂಡಿತು. ಮೊದಲು ಅಂಗಡಿಯವನ ಮೇಲೆ: ಯಾರೋ ವಾಪಸ್ ಕೊಟ್ಟದ್ದನ್ನು ಒರೆಸಿ ನನಗೆ ಕಟ್ಟಿದನೆ? ಅವನು ಮಾತ್ರ, “ಹೊಸ ನಳಿಗೆ, ಹೊಂದಿಕೊಳ್ಳೋಕೆ ಟೈಮ್ ಬೇಕು,” ಎಂಬರ್ಥದ ಮಾತಾಡಿ ಫೋನಿಟ್ಟಿದ್ದ. ಆಮೇಲೆ ಗುಂಡಿನ ಮೇಲೆ. ಇಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ಅವಳದು ಅಪ್ಪಟ ತಾಮ್ರದ್ದು. ಬೇರೆ ಡಬ್ಬಿಯದನ್ನು ಹೊಡೆದು ನೋಡಿದಳು. ಅದೂ ಚದುರಿತು.

ಉಳಿದವರು ಗುರುಶಾಂತಪ್ಪ.

ಧಾರವಾಡದ ಗುರುಶಾಂತಪ್ಪ ರಿಟೈರಾದ ಎಂಜಿನಿಯರು, ಅಪ್ಪಟ ಸಸ್ಯಾಹಾರಿ. ಕಾಗದದ ಗುರಿಗೆ ಬಿಟ್ಟರೆ ಬೇರಾವುದಕ್ಕೂ ಗುಂಡು ಹಾರಿಸಿದವರಲ್ಲ. ಪ್ರತಿ ಶನಿವಾರ ಶೂಟಿಂಗ್ ರೇಂಜಿನಲ್ಲಿ ಅವಳ ಪಕ್ಕದ ಬೆಂಚು ಅವರದೇ. ಅವಳ ಕೋವಿಗೆ ದುರ್ಬೀನು ಕೂರಿಸಿಕೊಟ್ಟವರೂ ಅವರೇ. ಹಂದಿ ತಪ್ಪಿದ ಸುದ್ದಿ ಕೇಳಿ ಅವರು ಲೊಚಗುಟ್ಟಿದ್ದರು.

“ಏನ್ ಮಾಡ್ತೀರಿ ಜಲಜಮ್ಮಾ ಇದನ್ನ ಇಟ್ಕೊಂಡು? ಬ್ಯಾಸರ ಆಗಿದ್ರ ನನಗ ಕೊಟ್ಟಬಿಡ್ರಿ. ಅಂಗಡ್ಯಾಗ ನನ್ನ ಹೆಸರಿಗೆ ಕಾಗದಾ ಮಾಡಿಸೋಣಂತ.”

“ಕೆಟ್ಟ ಕೋವಿ ನಿಮಗ್ಯಾಕೆ ಸಾರ್?”

“ಹಿಂಗ, ಒಂದ್ ಆಟಕ್ಕ,” ಎಂದು ನಕ್ಕಿದ್ದರು.

ಆ ನಗು ಅವಳ ಮನಸ್ಸಿನಲ್ಲಿ ಮುಳ್ಳಾಗಿ ಕುಳಿತಿತು. ಅವಳು ಚಹಾ ತರಲು ಹೋದಾಗಲೆಲ್ಲ ಕೋವಿ ಬೆಂಚಿನ ಮೇಲೆಯೇ ಇರುತ್ತಿತ್ತು, ಪಕ್ಕದಲ್ಲಿ ಅವರು. ದುರ್ಬೀನಿನ ಸ್ಕ್ರೂ ಯಾರಾದರೂ ಸಡಿಲಿಸಿದರೆ ಸಾಕು, ಗುಂಡು ಚದುರುತ್ತದೆ. ಮುಂದಿನ ಶನಿವಾರ ಹೊರಡುವ ಮೊದಲು ದುರ್ಬೀನಿನ ಒಂದೊಂದು ಸ್ಕ್ರೂವಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಕೆಂಪು ನೇಲ್ ಪಾಲಿಶಿನಲ್ಲಿ ಕೂದಲಿನಷ್ಟು ತೆಳ್ಳಗೆ ಗೆರೆ ಎಳೆದಳು. ಸ್ಕ್ರೂ ಕೊಂಚ ತಿರುಗಿದರೂ ಗೆರೆ ಒಡೆಯಬೇಕು. ಮೂರು ಶನಿವಾರ ಬೇಕೆಂದೇ ಚಹಾಕ್ಕೆ ಹೋಗಿ ಹೊತ್ತು ಕಳೆದು ಬಂದಳು. ಒಂದು ಗೆರೆಯೂ ಒಡೆಯಲಿಲ್ಲ. ಗುಂಡು ಮಾತ್ರ ಚದುರುತ್ತಲೇ ಇತ್ತು.

“ನಿನಗೆ ಮನುಷ್ಯರ ಮೇಲೇ ಮೊದಲು ಡೌಟು,” ಎಂದ ಲೋಹಿತ್. “ಆಫೀಸಲ್ಲಿ ಪಾರ್ಟು ಕೆಟ್ರೆ ಯಾರನ್ನ ಬೈತೀಯ? ಅಳೀತೀಯ ತಾನೆ?”

ಆ ಮಾತು ನಾಟಿತು. ಜಲಜಾ ಹಳೆಯ ಗುರಿ ಹಾಳೆಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತಳು. ಅಭ್ಯಾಸಬಲದಿಂದ ಪ್ರತಿ ತೂತಿನ ಪಕ್ಕ ಅದು ಎಷ್ಟನೆಯ ಗುಂಡು ಎಂದು ಬರೆದಿಟ್ಟಿದ್ದಳು. ಮೊದಲ ದಿನದ ಹತ್ತು ಗುಂಡುಗಳು ಒಟ್ಟಿಗೆ. ಹದಿನೈದರ ಹೊತ್ತಿಗೆ ಸಡಿಲ. ಮೂವತ್ತು ದಾಟಿದ ಮೇಲೆ ಊಟದ ತಟ್ಟೆಯಗಲ. ಒಮ್ಮೆ ಕೆಟ್ಟದ್ದು ಮತ್ತೆ ಸರಿಹೋಗಿಯೇ ಇಲ್ಲ. ಕೈಯ ತಪ್ಪಾಗಿದ್ದರೆ ಒಂದು ದಿನವಾದರೂ ಸುಧಾರಿಸಬೇಕಿತ್ತು. ನಳಿಗೆಯೊಳಗೆ ಏನೋ ಸೇರಿಕೊಳ್ಳುತ್ತಿದೆ.

ಆದರೆ ಪ್ರತಿ ಸಲವೂ ಅವಳು ನಳಿಗೆ ಒರೆಸುತ್ತಿದ್ದಳಲ್ಲ! ಬಟ್ಟೆ ಮೊದಲು ಕಪ್ಪಾಗಿ, ಆಮೇಲೆ ಬಿಳಿಯಾಗಿಯೇ ಹೊರಬರುತ್ತಿತ್ತು. ತುದಿಯಲ್ಲಿ ಪುಟ್ಟ ಕ್ಯಾಮೆರಾ ಇರುವ ಸಪೂರ ಕೊಳವೆಯನ್ನು ಆಫೀಸಿನಿಂದ ಕೇಳಿ ತಂದು ನಳಿಗೆಯೊಳಗೆ ಇಳಿಸಿದಳು. ಪರದೆಯ ಮೇಲೆ ಉದ್ದಕ್ಕೂ ಕೆಂಪನೆಯ ಪಟ್ಟೆಗಳು, ಸರಿಯಾಗಿ ಬೆಳಗದ ತಾಮ್ರದ ಹಂಡೆಯ ಹಾಗೆ. ಹೊಸ ನಳಿಗೆಯ ಒರಟು ಮೈ ಪ್ರತಿ ಗುಂಡಿನಿಂದಲೂ ಒಂದಿಷ್ಟು ತಾಮ್ರ ಹೆರೆದು ಉಳಿಸಿಕೊಂಡಿತ್ತು. ಅವಳು ಬಳಸುತ್ತಿದ್ದ ಎಣ್ಣೆ ಮದ್ದಿನ ಮಸಿಯನ್ನು ತೆಗೆಯುತ್ತಿತ್ತೇ ಹೊರತು ತಾಮ್ರವನ್ನಲ್ಲ.

ತಾಮ್ರ ಕರಗಿಸುವ ದ್ರಾವಣ ತಂದಳು. ಕಂಚಿನ ಬ್ರಶ್ಶಾದರೆ ಅದರೊಳಗಿನ ತಾಮ್ರವೂ ಕರಗಿ ಸುಳ್ಳು ಬಣ್ಣ ಕೊಟ್ಟೀತೆಂದು ನೈಲಾನಿನದನ್ನೇ ಆರಿಸಿಕೊಂಡಳು. ಮೊದಲ ಬಟ್ಟೆ ಕರಗಿದ ತಾಮ್ರದಿಂದ ನವಿಲಿನ ಕತ್ತಿನಂಥ ನೀಲಿಯಾಗಿ ಹೊರಬಂತು. ಹಚ್ಚುವುದು, ಕಾಯುವುದು, ಒರೆಸುವುದು. ಎರಡು ಸಂಜೆ ಕಳೆದ ಮೇಲೆ ನೀಲಿ ನಿಂತಿತು. ರೇಂಜಿನಲ್ಲಿ ಐದು ಗುಂಡು ಹೊಡೆದಳು. ಐದನ್ನೂ ಒಂದು ರೂಪಾಯಿ ನಾಣ್ಯ ಮುಚ್ಚುವಂತಿತ್ತು.

ಆಗ ಅವಳಿಗೆ ನಾಚಿಕೆಯಾಯಿತು. ಹಿರಿಯ ಮನುಷ್ಯರನ್ನು ಕಳ್ಳರೆಂಬಂತೆ ಕಾದೆನಲ್ಲ! ಮುಂದಿನ ಶನಿವಾರ ಕೋಡುಬಳೆ ಕರಿದು ಡಬ್ಬಿಗೆ ತುಂಬಿಕೊಂಡು ಹೋದಳು. ಗುರುಶಾಂತಪ್ಪ ಅವಳ ಗುರಿ ಹಾಳೆಯನ್ನು ತಮ್ಮ ದುರ್ಬೀನಿನಲ್ಲಿ ನೋಡಿ ಹುಬ್ಬೇರಿಸಿದರು.

“ಅಂತೂ ತಾಮ್ರ ತಗದ್ರಿ ಅನ್ರಿ!”

ಚೀಲದೊಳಗಿನ ಡಬ್ಬಿಯ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು.

“ತಾಮ್ರ ಅಂತ ನಿಮಗೆ ಯಾರು ಹೇಳಿದ್ರು?”

ಅವರು ಬೆಂಚಿನ ಮೇಲಿನ ಖಾಲಿ ತೋಟಾಗಳನ್ನು ಒಟ್ಟುಮಾಡತೊಡಗಿದರು.

“ಮೂರ್ನೇ ವಾರದಾಗ ಕಂಡಿತ್ರಿ. ನಳಿಗಿ ಬಾಯಾಗ ಕೆಂಪು ಗೆರಿ,” ಎಂದರು ಕೊನೆಗೆ. “ಇವತ್ ಹೇಳಬೇಕು, ನಾಳೆ ಹೇಳಬೇಕು ಅಂತಿದ್ದೆ. ಆಮ್ಯಾಲ ಕೋವಿ ಮ್ಯಾಲ ಆಸೆ ಆತು. ಭಾಳ ಛಲೋ ನಳಿಗಿ ಅದು. ನಿಮಗ ಬ್ಯಾಸರಾದ್ರ ನನಗ ಬರ್ತದ ಅನ್ಕೊಂಡೆ.”

“ಮೂರ್ನೇ ವಾರ ಅಂದ್ರೆ ನಾನು ಬೇಟೆಗೆ ಹೋಗೋಕೆ ಮುಂಚೆ.”

“ಹೌದ್ರಿ.”

“ಆ ಹಂದಿ ಕಾಲು ಮುರ್ಕೊಂಡು ಓಡಿದ್ರೆ ಸಾರ್?”

ಇರುವೆಯನ್ನೂ ತುಳಿಯದ ಗುರುಶಾಂತಪ್ಪ ತಮ್ಮ ಕೋವಿಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಜಲಜಾ ಕೋಡುಬಳೆಯ ಡಬ್ಬಿಯನ್ನು ಚೀಲದಿಂದ ತೆಗೆಯಲೇ ಇಲ್ಲ.

ಮುಂದಿನ ತಿಂಗಳು ಹರ್ಷಿತಾಳ ತೋಟದಲ್ಲಿ ಬೆಳಗಿನ ಮಂಜು ಕರಗುವ ಹೊತ್ತಿಗೆ ಒಂದೇ ಗುಂಡಿಗೆ ಹಂದಿ ನಿಂತಲ್ಲೇ ಬಿತ್ತು. ತೊಡೆ ಹರ್ಷಿತಾಳ ಪಾಲಿಗೆ. ಉಳಿದದ್ದನ್ನು ಲೋಹಿತ್ ಮೆಣಸು ಅರೆದು ಹಾಕಿ ಸಾರು ಮಾಡಿದ. ಯಾರಿಂದ ಸುದ್ದಿ ತಿಳಿಯಿತೋ, ಗುರುಶಾಂತಪ್ಪ ಫೋನ್ ಮಾಡಿದರು.

“ನರಳ್ಲಿಲ್ಲ ತಾನ ಅದು?”

“ಇಲ್ಲ ಸಾರ್.”

“ಛಲೋ ಆತು,” ಎಂದವರು, “ಶನಿವಾರ ನಾ ಅಲ್ಲೇ ಕೂಡ್ಲೇನ್ರಿ?” ಎಂದು ಕೇಳಿದರು.

“ಬೆಂಚು ಎಲ್ರದೂ ಅಲ್ವಾ, ಬನ್ನಿ.”

ಬಂದರು. ಇಬ್ಬರೂ ಅಕ್ಕಪಕ್ಕ ಕುಳಿತು ತಮ್ಮ ತಮ್ಮ ಗುರಿ ನೋಡಿಕೊಂಡರು. ಹತ್ತು ಗುಂಡಾದ ಮೇಲೆ ಜಲಜಾ ಚಹಾಕ್ಕೆಂದು ಎದ್ದಳು. ಕೋವಿಯ ಬೋಲ್ಟನ್ನು, ಅದಿಲ್ಲದೆ ಗುಂಡು ಹಾರಿಸಲಾಗದ ಆ ಉಕ್ಕಿನ ಅಗುಳಿಯನ್ನು, ಹೊರಗೆಳೆದು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡಳು. ಗುರುಶಾಂತಪ್ಪ ಅದನ್ನು ನೋಡಿ ಮತ್ತೆ ತಮ್ಮ ಗುರಿಯತ್ತ ತಿರುಗಿದರು.

“ನಿಮಗೂ ತರ್ಲಾ ಸಾರ್?” ಎಂದಳು ಜಲಜಾ.

“ಸಕ್ರಿ ಕಮ್ಮಿ,” ಎಂದರು ಅವರು.