ಕಮಲಾಪುರದ ಗಿಡಕ್ಕೆ ಕಲಬುರಗಿಯ ಗಂಡು

ಆ ಗಿಡದ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ನಾಳೆಯೇ ಕಿತ್ತು ಕುಂಡಕ್ಕೆ ಹಾಕಿಕೊಳ್ಳುವ ಪುಣ್ಯಾತ್ಮರು ಕಲಬುರಗಿಯ ನಮ್ಮ ಖೂಬಾ ಪ್ಲಾಟ್ ಬಡಾವಣೆಯಲ್ಲೇ ಇದ್ದಾರೆ. ಕಮಲಾಪುರದ ಹತ್ತಿರ, ತೊಗರಿ ಹೊಲದ ಅಂಚಿನ ಕಲ್ಲುದಿಬ್ಬದ ಮೇಲೆ ಅದರ ಒಂದು ಪೊದೆ ಉಳಿದಿತ್ತು. ವರ್ಷಾವರ್ಷ ಮೈತುಂಬ ಹೂ, ಕಾಯಿ ಮಾತ್ರ ಒಂದೂ ಇಲ್ಲ. ಅದಕ್ಕೆ ತನ್ನದೇ ಪರಾಗ ಆಗದು, ಬೇರೆ ಗಿಡದ್ದೇ ಬೇಕು. ಹಿಂದೆಲ್ಲ ಜೇನುನೊಣಗಳು ದಿಬ್ಬದಿಂದ ದಿಬ್ಬಕ್ಕೆ ಒಯ್ಯುತ್ತಿದ್ದವು. ಈಗ ನಡುವಿನ ದಿಬ್ಬಗಳೆಲ್ಲ ಹೊಲ, ಸೈಟು, ರಸ್ತೆ. ನನಗೆ ಗೊತ್ತಿದ್ದ ಇನ್ನೊಂದು ಗಿಡವೆಂದರೆ ಕಲಬುರಗಿಯ ಐವಾನ್-ಎ-ಶಾಹಿ ಬಳಿ ಹಳೆಯ ಬಂಗಲೆಯೊಂದರ ಕಂಪೌಂಡಿನಲ್ಲಿದ್ದದ್ದು. ಅಷ್ಟು ದೂರ ಯಾವ ನೊಣ ಹಾರೀತು? ನಾನೇ ನೊಣವಾದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವವಳಿಗೆ ಇದಕ್ಕಿಂತ ದೊಡ್ಡ ಬಡ್ತಿ ಸಿಗುವುದಿಲ್ಲ.

ಅವಸರವೂ ಇತ್ತು. ತೊಗರಿ ಕೊಯ್ದ ಮೇಲೆ ಹೊಲದ ಯಜಮಾನರು ಜೆಸಿಬಿ ತರಿಸಿ ದಿಬ್ಬ ಸಮ ಮಾಡುವವರಿದ್ದರು. ಅಷ್ಟರೊಳಗೆ ಬೀಜ ಕಟ್ಟದಿದ್ದರೆ ಆ ಪೊದೆಯ ವಂಶ ಅಲ್ಲಿಗೇ ಮುಗಿಯುತ್ತಿತ್ತು.

ಬಂಗಲೆಯ ಗಿಡದ ಪರಾಗವನ್ನು ಅಡಿಕೆ ಡಬ್ಬಿಯಲ್ಲಿಟ್ಟುಕೊಂಡು ಬಸ್ ಹತ್ತಿದೆ. ಮಹಾಗಾಂವ ಬರುವಷ್ಟರಲ್ಲಿ ಪಕ್ಕದ ಅಜ್ಜ ಒಂದು ಚೂರು ಅಡಿಕೆಗೆ ಕೈಚಾಚಿದ. ಕೊಡಲಾರೆ ಎಂದೆ. ಇಂಥ ಜಿಪುಣ ಹೆಂಗಸನ್ನು ಕಂಡೇ ಇಲ್ಲವೆಂದು ಕಮಲಾಪುರದವರೆಗೂ ಬಸ್ಸಿಗೆಲ್ಲ ಸಾರಿದ.

ಹೂಗಳಿಗೆ ಕುಂಚದಿಂದ ಪರಾಗ ಸವರಿ, ಒಂದೊಂದಕ್ಕೂ ತೆಳು ಬಟ್ಟೆಯ ಚೀಲ ಕಟ್ಟಿದೆ. ಯಜಮಾನರ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಇದಕ್ಕೆ ಸ್ವಂತ ಬಳಗದ ಗಂಡು ಆಗುವುದಿಲ್ಲ, ಕಲಬುರಗಿಯಿಂದ ತಂದಿದ್ದೇನೆ ಎಂದು ಸರಳವಾಗಿ ವಿವರಿಸಿದೆ.

"ನಮ್ಮ ಕಡಿ ಸೋದರಮಾವಗೇ ಕೊಡ್ತಾರ್ರೀ. ಇದಕ್ಕೇನ್ ಧಾಡಿ?" ಎಂದರು.

ಮುಂದಿನ ವಾರ ಮತ್ತೆ ಹೋದೆ. ಚೀಲಗಳು ಬಿಚ್ಚಿಕೊಂಡಿವೆ, ಹೂಗಳಿಗೆಲ್ಲ ಅರಿಶಿನ, ಬುಡಕ್ಕೆ ಅಕ್ಷತೆ. ನಾನು ಬಸ್ ಹತ್ತಿದ ಬೆನ್ನಿಗೇ ಯಜಮಾನರ ಹೆಂಡತಿ ಚೀಲ ಬಿಚ್ಚಿ ಹಚ್ಚಿದ್ದರಂತೆ. ಮದುವೆ ಎಂದ ಮೇಲೆ ಅರಿಶಿನ ಹಚ್ಚದೆ ಬಿಡಲಾದೀತೇ, ಮದುಮಗಳ ಮುಖ ಮುಚ್ಚಿದ್ದರೆ ಹಚ್ಚುವುದೆಲ್ಲಿಗೆ ಎಂಬುದು ಆಕೆಯ ವಾದ. ಅರಿಶಿನ ಬಿದ್ದ ಹೂವಿಗೆ ಪರಾಗ ಹತ್ತುವುದಿಲ್ಲವೆಂದು ಬಾಯಿಗೆ ಬಂದಂತೆ ಒದರಾಡಿದೆ. ಆಕೆ ತಣ್ಣಗೆ ರೊಟ್ಟಿ, ಪುಂಡಿಪಲ್ಯ ಕೊಟ್ಟರು. ಸಿಟ್ಟಿನಲ್ಲೇ ಉಂಡೆ. ನಾನು ಬಂಡೆ ಹತ್ತಿ ಕಟ್ಟಿದ್ದ ಮೇಲಿನ ಒಂದು ಚೀಲ ಮಾತ್ರ ಆಕೆಯ ಕೈಗೆ ಎಟುಕದೆ ಉಳಿದಿತ್ತು.

ತೊಗರಿ ಒಣಗುವ ಹೊತ್ತಿಗೆ ಆ ಚೀಲದೊಳಗೊಂದು ಹಸಿರು ಕಾಯಿ. ಆಕೆ, ನಾನು ಇಬ್ಬರೂ ಕುಣಿದಾಡುವುದೊಂದೇ ಬಾಕಿ. ಆದರೆ ಕಾಯಿ ಬಲಿಯುವ ಮೊದಲೇ ಜೆಸಿಬಿ ಬಂತೆಂದು ಆಕೆಯ ಫೋನ್ ಬಂತು. ಕ್ಲಾಸು ಬಿಟ್ಟು ಓಡಿದೆ.

ಯಂತ್ರ ದಿಬ್ಬದ ಮುಂದೆ ನಿಂತಿತ್ತು. ಪೊದೆಗೆ ಹಸಿರು ಖಣ, ಹಸಿರು ಬಳೆ. ಬಸುರಿಗೆ ಮಾಡುವಂತೆ ಕುಬಸ ಮಾಡಿ ಆಕೆ ಅಡ್ಡ ಕೂತಿದ್ದರು. "ಬಸರಿ ಮೈಮ್ಯಾಲ ಗಾಡಿ ಹಾಯಸ್ತೀರೇನು?" ಎಂದು ಗಂಡನನ್ನು ಕೇಳಿದ್ದರಂತೆ. ಜೆಸಿಬಿ ಡ್ರೈವರ್ ಕುಬಸದ ಊಟಕ್ಕೆ ಕೂತಿದ್ದ. ಯಜಮಾನರು ಹೋಳಿಗೆ ಬಡಿಸುತ್ತಿದ್ದರು.

ಕಾಯಿ ಒಣಗಿದಾಗ ಬೀಜಗಳನ್ನು ಕಾಲೇಜಿಗೆ ಒಯ್ಯಲೆಂದು ಡಬ್ಬಿ ತೆರೆದೆ. ಆಕೆ ಮುಚ್ಚಿದರು.

"ಚೊಚ್ಚಲ ಬಾಣಂತನ ತವರ ಮನ್ಯಾಗರೀ. ನೀವು ಗಂಡಿನ ಕಡಿಯವರು. ತೊಟ್ಟಲಕ್ಕ ಬರ್ರಿ."

ವಾದ ಮಾಡಿ ಸೋತೆ. ಬೀಜಗಳನ್ನು ಆಕೆಯೇ ದಿಬ್ಬದ ಕಲ್ಲುಸಂದಿಗಳಲ್ಲಿ ಊರಿದರು. ಮಳೆ ಬಿದ್ದ ಮೇಲೆ ಕರೆ ಬಂತು. ಈ ಸಲ ಡಬ್ಬಿಯಲ್ಲಿ ನಿಜವಾದ ಅಡಿಕೆಯನ್ನೇ ಒಯ್ದೆ.

ಬೆರಳುದ್ದದ ಸಸಿಗಳು ಎದ್ದು ನಿಂತಿದ್ದವು. ಎಷ್ಟು ತಡೆದರೂ ಅಳು ಬಂದೇಬಿಟ್ಟಿತು. ಸೋದರತ್ತೆ ಹೀಗೆ ಅತ್ತರೆ ಕೂಸಿಗೆ ಹೆಸರಿಡುವವರು ಯಾರು ಎಂದು ಆಕೆ ನನ್ನನ್ನು ಮುಂದೆ ತಳ್ಳಿದರು. ಮೊಣಕಾಲೂರಿ ಬಗ್ಗಿದೆ. ಯಾರಿಗೂ ಹೇಳದ ಆ ಹೆಸರನ್ನು ಸಸಿಯ ಎಲೆಯ ಹತ್ತಿರ ಮೆಲ್ಲಗೆ ಹೇಳಿದೆ.