ಪುರಾವೆ ಕೇಳುತ್ತಿದ್ದ ಮಾಸ್ತರು

ಚನ್ನಬಸಪ್ಪ ಮಾಸ್ತರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬಾಣಂತಿ ಮನೆಗೆ ಹೋದರೂ ಕಷ್ಟ. "ಕೂಸು ಚಂದ ಐತೇನ್ರಿ ಮಾಸ್ತರ?" ಎಂದು ಅಜ್ಜಿ ಆಸೆಯಿಂದ ಕೇಳಿದರೆ, ಕನ್ನಡಕ ಸರಿಮಾಡಿಕೊಂಡು ನೋಡಿ, "ಈಗೇನಿಲ್ಲ, ಮುಂದ ಆದೀತು" ಎನ್ನುತ್ತಿದ್ದರು. ಗುಡಗೇರಿಯ ಅರ್ಧ ಊರು ಅವರೊಂದಿಗೆ ಮಾತು ಬಿಟ್ಟಿತ್ತು. ಎಂಬತ್ತರ ದಶಕದಲ್ಲಿ ನಾನು ಅಲ್ಲಿಯ ಸಾಲೆಗೆ ಹೊಸ ಅಕ್ಕೋರಾಗಿ ಹೋದಾಗ ಬಾಡಿಗೆಗೆ ಸಿಕ್ಕಿದ್ದು ಅವರ ಬಾಜೂ ಮನೆ. ಮೊದಲ ದಿನವೇ ನನ್ನ ಉಪ್ಪಿಟ್ಟು ತಿಂದು, "ಇದನ್ನ ಮತ್ತ ಮಾಡಬ್ಯಾಡ್ರಿ" ಎಂದ ಪುಣ್ಯಾತ್ಮ! ನನಗೆ ಅಗದಿ ಸಿಟ್ಟು ಬಂತು. ಆದರೆ ಅವರ ಹೆಂಡತಿ ಗಂಗವ್ವ ಸೆರಗು ಬಾಯಿಗೊತ್ತಿಕೊಂಡು ನಕ್ಕಿದ್ದನ್ನು ನೋಡಿ ನಾನೂ ನಕ್ಕುಬಿಟ್ಟೆ.

ಸಂಜೆಯಾದರೆ ಅವರ ಕಟ್ಟೆಯ ಮೇಲೆ ದೇವರ ವಿಚಾರಣೆ. ದೇವರ ಪರ ವಾದಿಸುವವನು ಈರಯ್ಯ. ಮಾಸ್ತರ ಬಾಲ್ಯದ ಗೆಳೆಯ, ಊರಿನ ಪೂಜೆ, ಮದುವೆ, ಮಣ್ಣು ಎಲ್ಲ ಮಾಡಿಸುವ ಅಯ್ಯ.

"ಗಡಗಿ ಐತೆಂದ್ರ ಕುಂಬಾರ ಇರಬೇಕಲ್ಲೋ?" ಎನ್ನುತ್ತಿದ್ದ ಈರಯ್ಯ.

"ಆ ಕುಂಬಾರನ್ನ ಮಾಡಿದಾಂವ ಯಾರಲೇ?"

"ಅವನ್ನ ಯಾರೂ ಮಾಡಿಲ್ಲ. ಅಂವ ತಾನ ಅದಾನ."

"ಹಂಗಾದ್ರ ಗಡಗೀನ ತಾನ ಐತಿ ಅನ್ನು. ನಡುವ ಕುಂಬಾರ ಯಾಕ ಬೇಕು? ಪುರಾವೆ ತೋರಸು, ಈಗ ಅಡ್ಡಬೀಳ್ತೀನಿ."

ಊರಿನಲ್ಲಿ ಕೂಸೊಂದು ಹಾವು ಕಚ್ಚಿ ಸತ್ತ ದಿನವೂ ಹೀಗೇ. "ನಿನ್ನ ದೇವರಿಗೆ ಅದನ್ನ ತಡಿಯೂ ತಾಕತ್ತಿಲ್ಲ, ಇಲ್ಲಾ ಕರುಣಾ ಇಲ್ಲ. ಯಾವುದು ಬಿಡ್ತಿ, ಹೇಳು" ಎಂದು ಮಾಸ್ತರು ಕೇಳಿದಾಗ ಈರಯ್ಯ ಎದ್ದು ಹೋದ. ಮರುದಿನ ಸಂಜೆ ಮತ್ತೆ ಹಾಜರಾದ.

ಗಂಗವ್ವ ಮಾತ್ರ ಈ ವಾದಕ್ಕೆ ಕಿವಿಗೊಟ್ಟವರಲ್ಲ. ದಿನಾ ಬೆಳಿಗ್ಗೆ ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕೂಡುತ್ತಿದ್ದರು. ಬಿಲ್ವಪತ್ರಿ ಹರಿದು ತಂದು, ನೀರು ತುಂಬಿಡುವವರು ಮಾಸ್ತರೇ. ನಾನು ಕಾಡಿಸಿದರೆ, "ಪತ್ರಿ ತರೂದು ನನ್ನ ಕೆಲಸ, ನಂಬೂದು ಅಕೀದು" ಎನ್ನುತ್ತಿದ್ದರು. ಮಕ್ಕಳಿಲ್ಲದ ಆ ಮನೆಯಲ್ಲಿ ಎಷ್ಟು ಪ್ರೀತಿ ಇತ್ತೆಂದರೆ, ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಆಮೇಲೆ ಗಂಗವ್ವನಿಗೆ ಹೊಟ್ಟೆನೋವು ಹತ್ತಿತು. ಹುಬ್ಬಳ್ಳಿಯ ಡಾಕ್ಟರು ಮಾಸ್ತರನ್ನೂ ನನ್ನನ್ನೂ ಹೊರಗೆ ಕರೆದು, ಗಡ್ಡೆ ಬೆಳೆದುಬಿಟ್ಟಿದೆ, ಇನ್ನು ಕೈಯಲ್ಲಿಲ್ಲ, ರೋಗಿಗೆ ಹೇಳಬೇಡಿ ಎಂದರು. ಸುಳ್ಳು ಬಾರದ ಮನುಷ್ಯ ಏನು ಮಾಡಬೇಕು? "ಹೊಟ್ಟ್ಯಾಗ ಹುಣ್ಣು ಐತಿ" ಎಂದಷ್ಟೇ ಹೆಂಡತಿಗೆ ಹೇಳಿದರು. ಅದು ಸುಳ್ಳಲ್ಲವೆಂದು ರೈಲಿನುದ್ದಕ್ಕೂ ನನ್ನ ಕಿವಿಯಲ್ಲಿ ವಾದಿಸಿದರು.

ಒಂದು ಮುಂಜಾನೆ ನಾನು ಗಂಜಿ ತೆಗೆದುಕೊಂಡು ಹೋದಾಗ ಗಂಗವ್ವನಿಗೆ ಎದ್ದು ಕೂಡಲಾಗಿರಲಿಲ್ಲ. ಲಿಂಗ ಅಂಗೈಯಲ್ಲಿತ್ತು. "ಜೀವ ತೇದು ಪೂಜಾ ಮಾಡೀನ್ರಿ. ನೋವು ಒಂದ ಚೂರು ಇಳಿವಲ್ದು" ಎಂದು ಗಂಡನ ಮುಖ ನೋಡಿದರು. "ನೀವು ಹೇಳೂದ ಖರೇ ಏನ್ರಿ? ಅಂವ ಇಲ್ಲೇನು?"

ಮಾಸ್ತರು ಆಕೆಯ ಪಾದ ಹಿಡಿದು ಕುಳಿತಿದ್ದರು.

"ಅದಾನ, ಗಂಗಾ" ಎಂದರು. "ಅದಾನ."

ಆಕೆಗೆ ಸಮಾಧಾನವಾಗಲೆಂದು ನಾನೂ ತಲೆಯಾಡಿಸಿದೆ. ಗಂಗವ್ವ ಗಂಡನನ್ನೇ ನೋಡಿದರು. ಎಂದೂ ಸುಳ್ಳಾಡದವನ ಬಾಯಲ್ಲಿ ಈ ಮಾತು ಯಾಕೆ ಬಂತೆಂದು ಆಕೆಗೆ ತಿಳಿದುಹೋಯಿತು.

"ಅಂದ್ರ ನಾ ಉಳಿಯಂಗಿಲ್ಲ" ಎಂದರು. "ಡಾಕ್ಟರು ಏನಂದ್ರು, ಈಗರ ಹೇಳ್ರಿ."

ಮಾಸ್ತರು ಆಕೆಯ ಪಾದಕ್ಕೆ ಹಣೆ ಹಚ್ಚಿ ಅತ್ತರು. ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ. ಮರುದಿನ ಅವರು ಎಂದಿನಂತೆ ಪತ್ರಿ ತಂದಿಟ್ಟರು. ಗಂಗವ್ವ ಗೋಡೆಯ ಕಡೆ ಹೊರಳಿ ಮಲಗಿದರು. ಸಾಯುವವರೆಗೂ ಮತ್ತೆ ಪೂಜೆಗೆ ನೀರು ಕೇಳಲಿಲ್ಲ. ನಂಬಿಕೆ ಇತ್ತೋ ಹೋಗಿತ್ತೋ, ಕೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ಅವರ ಪದ್ಧತಿಯಂತೆ ಗಂಗವ್ವನನ್ನು ಮಣ್ಣು ಮಾಡಲು ತೋಡಿದ ಕುಣಿಯಲ್ಲಿ ಕುಳ್ಳಿರಿಸಿದರು. ಕೊರಳಲ್ಲಿ ಲಿಂಗವಿಲ್ಲದ ಮಾಸ್ತರು ಕುಣಿಗೆ ಇಳಿಯಬಾರದೆಂದು ಯಾರೋ ಗೊಣಗಿದರು. ಈರಯ್ಯ ಅವರನ್ನು ಗದರಿಸಿ, ತಾನೇ ಗೆಳೆಯನ ಕೈ ಹಿಡಿದು ಇಳಿಸಿದ. ಮಾಸ್ತರು ಲಿಂಗವನ್ನು ಹೆಂಡತಿಯ ಅಂಗೈಯಲ್ಲಿಟ್ಟರು. ಬೆರಳು ಬಿಗಿದಿದ್ದವು; ಒಂದೊಂದಾಗಿ ಮಡಿಸಿದರು.

ನನಗೆ ವರ್ಗವಾಗಿತ್ತು. ಹೊರಡುವ ದಿನ ಹೇಳಿಹೋಗಲು ಹೋದೆ. ಮಾಸ್ತರನ್ನು ನಾನು ನೋಡಿದ್ದು ಅದೇ ಕೊನೆ. ಮುಂದಿನ ವರ್ಷ ಅವರೂ ತೀರಿಕೊಂಡರು. ನಾನು ಹೇಳಿಹೋಗಲು ಹೋದ ಆ ಸಂಜೆ ಮಾಸ್ತರೂ ಈರಯ್ಯನೂ ಕಟ್ಟೆಯ ಮೇಲೆ ಕುಳಿತಿದ್ದರು. ಈರಯ್ಯನೇ ಮಾತು ತೆಗೆದ.

"ನೀ ಗೆದ್ದಿ, ಚನ್ನಪ್ಪಾ. ಅಂಥಾ ಹೆಣಮಗಳಿಗೆ ಅಂಥಾ ಸಾವು. ನನಗ ಸಾಕಾತು. ಇಲ್ಲ ಬಿಡು, ಯಾರೂ ಇಲ್ಲ."

ಮಾಸ್ತರು ಥಟ್ಟನೆ ಅವನ ರಟ್ಟೆ ಹಿಡಿದರು.

"ನೀ ಹಂಗ ಅನಬ್ಯಾಡೋ, ಈರಯ್ಯಾ. ನಿನ್ನ ಕಾಲು ಬೀಳ್ತೀನಿ, ಅನಬ್ಯಾಡ. ನಾನೂ ಇಲ್ಲಂದು ನೀನೂ ಇಲ್ಲಂದ್ರ, ಅಕಿ ಈಗ ಎಲ್ಲಿ ಇರಬೇಕೋ?"